ಕಡಲಿಗೊಂದು ಅಳತೆಯ ಬಲೆ



ಮೇ ತಿಂಗಳು ಮುಗಿಯುತ್ತ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಮಾತೆಲ್ಲ ಮಳೆಯದೇ. "ಕೇರಳಕ್ಕೆ ಬಂತಂತೆ, ಇನ್ನು ಊರಿಗೆ ಎರಡು ದಿನ, ನಮಗೆ ಒಂದು ವಾರ" ಎಂದು ಲೆಕ್ಕ ಹಾಕದ ಕನ್ನಡಿಗರುಂಟೇ? ಆದರೆ ಆ ಮಳೆಯನ್ನು ಹೊತ್ತು ತರುವ ಸಮುದ್ರದ ಬಗ್ಗೆ ಇಷ್ಟೆಲ್ಲ ತಿಳಿದದ್ದು ಹೇಗೆ, ಯಾರಿಂದ ಎಂದು ಕೇಳುವವರು ಕಡಿಮೆ. ಈ ತಿಂಗಳು ಆ ಕಥೆಯನ್ನೇ ಹೇಳೋಣವೆಂದಿದ್ದೇನೆ. ಅದರಲ್ಲಿ ನಮ್ಮ ಕೊಲಾಬಾವೂ ಬರುತ್ತದೆ.

1957ರಲ್ಲಿ ಸಾಗರ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿಯೊಂದು ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಮೊದಲ ಬಾರಿ ಸೇರಿತು. ಜಗತ್ತಿನ ದೊಡ್ಡ ಸಾಗರಗಳ ಪೈಕಿ ವಿಜ್ಞಾನಿಗಳಿಗೆ ತೀರ ಕಡಿಮೆ ಗೊತ್ತಿದ್ದುದು ನಮ್ಮ ಹಿಂದೂ ಮಹಾಸಾಗರ. ಅದನ್ನು ಒಂದು ದೇಶ ತಾನೊಂದೇ ಅಳೆದು ಮುಗಿಸುವುದು ಆಗದ ಮಾತು. ಹೀಗೆ ಹುಟ್ಟಿದ್ದು ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನ. 1959ರಿಂದ 1965ರವರೆಗೆ ನಡೆದ ಇದರಲ್ಲಿ ಹತ್ತಕ್ಕೂ ಹೆಚ್ಚು ದೇಶಗಳ ಸುಮಾರು 40 ಹಡಗುಗಳು ಪಾಲ್ಗೊಂಡವು.

ಆ ವರ್ಷಗಳನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. 1962ರಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ರಷ್ಯಾ ಅಣುಯುದ್ಧದ ಅಂಚಿಗೆ ಹೋಗಿ ನಿಂತಿದ್ದವು. 1965ರಲ್ಲಿ ನಮಗೂ ಪಾಕಿಸ್ತಾನಕ್ಕೂ ಯುದ್ಧವೇ ಆಯಿತು. ಹಾಗಿದ್ದೂ ಈ ಅಭಿಯಾನದಲ್ಲಿ ರಷ್ಯನ್ನರ 'ವಿತ್ಯಾಜ್' ಇತ್ತು, ಅಮೆರಿಕದ 'ಆಂಟನ್ ಬ್ರೂನ್' ಇತ್ತು. ಪಾಕಿಸ್ತಾನದ 'ಝುಲ್ಫಿಕರ್' ಇತ್ತು, ನಮ್ಮ ನೌಕಾಪಡೆಯ 'ಕಿಸ್ತ್ನಾ' ಇತ್ತು. ಈ 'ಆಂಟನ್ ಬ್ರೂನ್' ಮೊದಲು ಅಧ್ಯಕ್ಷ ಟ್ರೂಮನ್ನರ ವಿಹಾರನೌಕೆಯಾಗಿತ್ತಂತೆ! ಮೋಜಿನ ಹಡಗಿಗೂ ಒಳ್ಳೆಯ ಕಾಲ ಬರುತ್ತದೆ ನೋಡಿ.

ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಒಂದು ಬಲೆಯ ವಿಷಯ. ಕಡಲ ಮೇಲ್ಭಾಗದ ನೀರಿನಲ್ಲಿ ಪ್ಲಾಂಕ್ಟನ್ ಎಂಬ ಸೂಕ್ಷ್ಮ ಜೀವಿಗಳು ತೇಲುತ್ತಿರುತ್ತವೆ. ನಮ್ಮ ಬಂಗುಡೆ, ಬೂತಾಯಿಗಳ ಊಟ ಇದೇ. ಎಲ್ಲಿ ಎಷ್ಟು ಪ್ಲಾಂಕ್ಟನ್ ಇದೆ ಎಂದು ತಿಳಿದರೆ ಮೀನಿನ ಸಂಪತ್ತಿನ ಅಂದಾಜು ಸಿಗುತ್ತದೆ. ಆದರೆ ಒಬ್ಬರು ಅಕ್ಕಿಯನ್ನು ಪಾವಿನಲ್ಲಿ ಅಳೆದು, ಇನ್ನೊಬ್ಬರು ಸೇರಿನಲ್ಲಿ ಅಳೆದು, ಯಾರ ಮನೆಯಲ್ಲಿ ಜಾಸ್ತಿ ಎಂದು ವಾದಿಸಿದರೆ ಏನು ಪ್ರಯೋಜನ? ಅದಕ್ಕಾಗಿ ಎಲ್ಲ ಹಡಗುಗಳಿಗೂ ಒಂದೇ ನಮೂನೆಯ ಬಲೆ ಎಂದು ನಿಶ್ಚಯಿಸಿದರು. ಒಂದು ಚದರ ಮೀಟರ್ ಬಾಯಿಯ ಆ ಬಲೆಯನ್ನು 200 ಮೀಟರ್ ಆಳದಿಂದ ನೇರವಾಗಿ ಮೇಲಕ್ಕೆ ಎಳೆಯಬೇಕು. ರಷ್ಯನ್ ಎಳೆದರೂ ಅಷ್ಟೇ, ಅಮೆರಿಕನ್ ಎಳೆದರೂ ಅಷ್ಟೇ. ದೇಶದೇಶಗಳ ಸಹಕಾರ ಎಂದರೆ ಕೈಕುಲುಕಿ ಫೋಟೋ ತೆಗೆಸಿಕೊಳ್ಳುವುದು ಎಂದು ಟೀವಿ ನೋಡಿ ನಾವು ತಿಳಿದುಕೊಂಡಿದ್ದೇವೆ. ನನಗೇನೋ ಅದರ ತಿರುಳು ಈ ಬಲೆಯಲ್ಲೇ ಇದೆ ಅನಿಸುತ್ತದೆ.

ಇನ್ನು ಆ ಬಲೆಯಲ್ಲಿ ಸಿಕ್ಕಿದ್ದು ಯಾರ ಪಾಲಿಗೆ? ಇದು ಸಣ್ಣ ಪ್ರಶ್ನೆಯಲ್ಲ. ದೊಡ್ಡ ಹಡಗುಗಳೆಲ್ಲ ಶ್ರೀಮಂತ ದೇಶಗಳವು. ಅವರು ಬಂದು, ನಮ್ಮ ಕಡಲನ್ನು ಅಳೆದು, ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿ ತಮ್ಮ ಊರಿಗೆ ಒಯ್ದಿದ್ದರೆ ಅದನ್ನು ಸಹಕಾರ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಹಾಗಾಗಲಿಲ್ಲ. ಯುನೆಸ್ಕೋ ನೆರವಿನಿಂದ ಕೊಚ್ಚಿಯಲ್ಲೇ ಹಿಂದೂ ಮಹಾಸಾಗರ ಜೀವಶಾಸ್ತ್ರ ಕೇಂದ್ರ ಆರಂಭವಾಯಿತು. ಆ ಬಲೆಗಳ ಸಾವಿರಕ್ಕೂ ಮಿಕ್ಕಿದ ಮಾದರಿಗಳು ಅಲ್ಲಿಗೆ ಬಂದವು. ಭಾರತದ ತರುಣ ತರುಣಿಯರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಅವನ್ನು ಬಿಡಿಸಿ, ಬೇರ್ಪಡಿಸಿ, ಎಣಿಸಿ ಕೆಲಸ ಕಲಿತರು. ಭಾರತದ ಕಾರ್ಯಕ್ರಮದ ಮುಂದಾಳು ಡಾ. ಎನ್. ಕೆ. ಪಣಿಕ್ಕರ್. 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು ಈ ಅಭಿಯಾನದ ಬೆನ್ನಿಗೇ. ಗೋವಾದ ದೋನಾ ಪಾವ್ಲಾಕ್ಕೆ ಪಿಕ್ನಿಕ್ ಹೋದಾಗ ನೀವು ಅದರ ಗೇಟಿನ ಮುಂದೆಯೇ ಹಾದುಹೋಗಿರಬಹುದು.

ಈಗ ಕೊಲಾಬಾಕ್ಕೆ ಬರೋಣ. 1963ರಲ್ಲಿ ಅಲ್ಲಿನ ವೀಕ್ಷಣಾಲಯದಲ್ಲಿ ಅಂತರರಾಷ್ಟ್ರೀಯ ಹವಾಮಾನ ಕೇಂದ್ರ ತೆರೆಯಿತು. ಹವಾಯಿ ವಿಶ್ವವಿದ್ಯಾಲಯದ ಕಾಲಿನ್ ರಾಮೇಜ್ ಅದರ ನಿರ್ದೇಶಕರು. ಐಬಿಎಂ 1620 ಎಂಬ ಕಂಪ್ಯೂಟರನ್ನೂ ತರಿಸಿದರು. ಈ ಅಭಿಯಾನಕ್ಕೆ ಬೇಕಾದ ಹವಾಮಾನ ಉಪಕರಣಗಳ ಹೊಣೆ ಹೊತ್ತವರು ಅಣ್ಣಾ ಮಣಿ. ಹುಡುಗಿಯರೇ, ಈ ಹೆಸರನ್ನು ಗುರುತು ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರಗಳ ಮೇಲೆ ಸಂಶೋಧನೆ ಮಾಡಿದಾಕೆ. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಅದರಿಂದ ಅವರ ಕೆಲಸವೇನೂ ನಿಲ್ಲಲಿಲ್ಲ.

ಅಭಿಯಾನದ ಫಲಗಳನ್ನೆಲ್ಲ ಹೇಳಲು ಇಲ್ಲಿ ಜಾಗವಿಲ್ಲ. ಅರಬ್ಬೀ ಸಮುದ್ರದ ಆಚೆ ಕಾರ್ಲ್ಸ್‌ಬರ್ಗ್ ಏಣಿನ ಮೇಲೆ 1962ರಲ್ಲಿ ಬ್ರಿಟಿಷ್ ಹಡಗು 'ಓವೆನ್' ಮಾಡಿದ ಕಾಂತೀಯ ಅಳತೆಗಳಿಂದ, ಕಡಲ ತಳವೇ ಹಿಗ್ಗುತ್ತಿದೆ ಎಂಬ ವಾದಕ್ಕೆ ಮರುವರ್ಷ ದೊಡ್ಡ ಆಧಾರ ಸಿಕ್ಕಿತು. ಹಡಗುಗಳ ಅಳತೆಗಳನ್ನೆಲ್ಲ ಒಟ್ಟುಗೂಡಿಸಿದ ನಕ್ಷೆಗಳ ಸಂಪುಟ 1971ರಲ್ಲಿ ಹೊರಬಂತು.

ಇಷ್ಟಾದರೂ ಒಂದು ಕೆಲಸ ಉಳಿದೇ ಹೋಯಿತು. ಪೆಸಿಫಿಕ್ ಸಾಗರಕ್ಕೆ 1949ರಿಂದಲೇ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವಿತ್ತು, ನಮ್ಮ ಸಾಗರಕ್ಕೆ ಇರಲಿಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಭೂಮಿ ನಡುಗಿದ ಮೇಲೆ ಅಲೆ ಚೆನ್ನೈ ತೀರ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಎರಡು ಗಂಟೆ! ಮರೀನಾದಲ್ಲಿ ವಾಯುವಿಹಾರಕ್ಕೆ ಬಂದವರನ್ನು ಮನೆಗೆ ಕಳಿಸಲು ಧಾರಾಳವಾಗಿ ಸಾಕಿತ್ತು. ಹೇಳುವವರೇ ಇರಲಿಲ್ಲ. ಸಾಗರದ ಸುತ್ತಲಿನ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. 2007ರಲ್ಲಿ ಹೈದರಾಬಾದಿನ 'ಇನ್‌ಕಾಯ್ಸ್' ಸಂಸ್ಥೆಯಲ್ಲಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. 2011ರಿಂದ ಭಾರತ, ಆಸ್ಟ್ರೇಲಿಯ, ಇಂಡೊನೇಷ್ಯ ಮೂರೂ ಸೇರಿ ಈ ಸಾಗರದ ಇತರ ದೇಶಗಳಿಗೂ ಎಚ್ಚರಿಕೆ ಕೊಡುತ್ತಿವೆ. ಮಲ್ಪೆ, ಮಂಗಳೂರಿನ ದೋಣಿಯವರಿಗೆ ಮೀನು ಎಲ್ಲಿ ಸಿಕ್ಕೀತು ಎಂಬ ಸೂಚನೆ ಬರುವುದೂ ಇದೇ ಹೈದರಾಬಾದಿನಿಂದ.

ಸಹಕಾರ ಸುಲಭವೆಂದು ಮಾತ್ರ ತಿಳಿಯಬೇಡಿ. ಮಳೆಯ ಅಧ್ಯಯನಕ್ಕೆಂದು ಹಲವು ದೇಶಗಳು ಸೇರಿ ಸಾಗರದಲ್ಲಿ ಲಂಗರು ಹಾಕಿದ ತೇಲು ಉಪಕರಣಗಳ ಸಾಲೊಂದನ್ನು ನಿಲ್ಲಿಸಿವೆ, ಅದಕ್ಕೆ 'ರಾಮಾ' ಎಂದು ಹೆಸರು. ಸೊಮಾಲಿ ಕಡಲ್ಗಳ್ಳರ ಕಾಟದಿಂದ ಪಶ್ಚಿಮ ಭಾಗದ ಕೆಲವು ಜಾಗಗಳು ವರ್ಷಗಟ್ಟಲೆ ಖಾಲಿ ಉಳಿದವು. ತೇಲುವ ವಸ್ತುವಿನ ಕೆಳಗೆ ಮೀನು ಕೂಡುತ್ತದೆಂದು ಮೀನುಗಾರರು ದೋಣಿ ಕಟ್ಟಿ ಕೆಲವನ್ನು ಹಾಳುಗೆಡವಿದ್ದೂ ಉಂಟು. ಅವರನ್ನು ಬೈಯುವ ಮೊದಲು, ಅದು ಅವರದೇ ಮಳೆಗಾಳಿಯ ಲೆಕ್ಕಕ್ಕೆ ಇಟ್ಟದ್ದೆಂದು ಅವರ ಭಾಷೆಯಲ್ಲಿ ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಬೇಕು.

ನಿಮ್ಮಲ್ಲಿ ಕಂಪ್ಯೂಟರ್ ಓದಿದವರೇ ಹೆಚ್ಚಲ್ಲವೇ? ನಿಮಗೊಂದು ವಿಷಯ. 'ಆರ್ಗೊ' ಎಂಬ ಸುಮಾರು 4,000 ತೇಲು ಯಂತ್ರಗಳು ಜಗತ್ತಿನ ಸಾಗರಗಳಲ್ಲಿವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರಿ, ನೀರಿನ ಬಿಸಿ ಮತ್ತು ಉಪ್ಪಿನ ಲೆಕ್ಕವನ್ನು ಉಪಗ್ರಹಕ್ಕೆ ಒಪ್ಪಿಸಿ ಮತ್ತೆ ಮುಳುಗುತ್ತವೆ. ಆ ಲೆಕ್ಕ ಸಾಮಾನ್ಯವಾಗಿ ಒಂದೇ ದಿನದೊಳಗೆ ಎಲ್ಲರಿಗೂ ಪುಕ್ಕಟೆ. ಪಾಸ್‌ಪೋರ್ಟ್ ಬೇಡ, ಶಿಫಾರಸು ಬೇಡ, ಡೊಂಬಿವಿಲಿಯ ಒಂದು ಕೋಣೆಯಲ್ಲಿ ಕುಳಿತೂ ತೆರೆದು ನೋಡಬಹುದು. ಯಾರಾದರೂ ನೋಡಿದರೆ, ಅರಬ್ಬೀ ಸಮುದ್ರ ಈ ಸಲ ಎಷ್ಟು ಕಾದಿದೆ ಎಂದು ನನಗೊಂದು ಪತ್ರ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.