ಮೊಟ್ಟೆಯ ಸಿಪ್ಪೆ ಕೇಳದ ನೋಂದಣಿ

ಪರಿಚಯದವರೊಬ್ಬರು ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ನಾಲ್ಕೂವರೆ ಅಡಿ ಎತ್ತರದ ಗಾಜಿನ ಪೆಟ್ಟಿಗೆ ಮಾಡಿಸಿಕೊಂಡು ಬಂದು, ಇದಕ್ಕೆ ಯಾವ ಹಾವು ಹೊಂದುತ್ತದೆ ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಆಗಲೇ ಗ್ರೀನ್ ಟ್ರೀ ಪೈಥಾನ್ (ಹಸಿರು ಹೆಬ್ಬಾವು) ಇತ್ತು. ನನ್ನಿಂದ ಬೇಕಿದ್ದದ್ದು ಒಪ್ಪಿಗೆ ಮಾತ್ರ. ಕೊಡಲಿಲ್ಲ. ಈಗಲೂ ಕೊಡುವುದಿಲ್ಲ. ಹಾವು ಸಾಕಲೇಬೇಕೆಂಬ ಹಟವಿದ್ದರೆ ಕಾರ್ನ್ ಸ್ನೇಕ್ ನೋಡಲಿ, ಪೆಟ್ಟಿಗೆಯ ಉದ್ದವನ್ನೂ ಇನ್ನಷ್ಟು ಹೆಚ್ಚಿಸಲಿ.

‘ಈಗೆಲ್ಲ ಕಾನೂನುಬದ್ಧ ಅಲ್ವಾ ಸಾರ್, ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಆಯ್ತು’ ಎಂಬುದು ಅವರ ವಾದ. ಅವರೊಬ್ಬರದೇ ಅಲ್ಲ, 2022ರ ವನ್ಯಜೀವಿ ತಿದ್ದುಪಡಿ ಮತ್ತು 2024ರ ಫೆಬ್ರುವರಿಯ ನೋಂದಣಿ ನಿಯಮಗಳನ್ನು ಹೊಗಳಿ ಬರೆಯುವವರ ವಾದವೂ ಇದೇ. ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದ) ಪಟ್ಟಿಯ ಪ್ರಾಣಿ ಇಟ್ಟುಕೊಂಡವರು ಹೆಸರು ಕೊಡಬೇಕು, ಮರಿ ಹಾಕಿದರೂ ಸತ್ತರೂ ತಿಳಿಸಬೇಕು. ಒಳ್ಳೆಯದೇ. ಆದರೆ ಹಾವು ಯಾರ ಮನೆಯಲ್ಲಿದೆ ಎಂಬುದು ಒಂದು ಪ್ರಶ್ನೆ, ಎಲ್ಲಿ ಹುಟ್ಟಿತು ಎಂಬುದು ಇನ್ನೊಂದು. ನಮ್ಮ ಚರ್ಚೆಯೆಲ್ಲ ಮೊದಲನೆಯದರಲ್ಲೇ ಮುಗಿದುಹೋಗುತ್ತಿದೆ.

ಎರಡನೆಯದಕ್ಕೆ ಒಂದು ಅಂಕಿ ಇದೆ: ಶೇ 80.

ಜೆಸ್ಸಿಕಾ ಲಯನ್ಸ್ ಮತ್ತು ಡೇನಿಯಲ್ ನಾಟುಶ್ ಎಂಬ ಇಬ್ಬರು ಸಂಶೋಧಕರು 2009ರ ಆಗಸ್ಟ್‌ನಿಂದ 2011ರ ಏಪ್ರಿಲ್‌ವರೆಗೆ ಇಂಡೊನೇಷ್ಯಾದ ಮಲುಕು, ಪಪುವಾ, ಪಶ್ಚಿಮ ಪಪುವಾ ಪ್ರಾಂತ್ಯಗಳಲ್ಲಿ ವ್ಯಾಪಾರಿಗಳ ಬೆನ್ನು ಹತ್ತಿದರು. ಕಾಡಿನಿಂದ ಅಕ್ರಮವಾಗಿ ಹಿಡಿದ 4,227 ಹಸಿರು ಹೆಬ್ಬಾವುಗಳನ್ನು ದಾಖಲಿಸಿದರು. ಹಾವುಗಳ ಜಾಡು ಹಿಡಿದು ಹೋದಾಗ ಅದು ಮುಟ್ಟಿದ್ದು ಜಕಾರ್ತಾದ ಸಂವರ್ಧನಾ ಫಾರ್ಮ್‌ಗಳನ್ನು. ಕಾಡಿನ ಹಾವು ಅಲ್ಲಿ ಒಳಗೆ ಹೋಗುತ್ತದೆ, ‘ಪಂಜರದಲ್ಲೇ ಹುಟ್ಟಿದ್ದು’ ಎಂಬ ಕಾಗದ ಹಿಡಿದು ಹೊರಗೆ ಬರುತ್ತದೆ. ಇಂಡೊನೇಷ್ಯಾದಿಂದ ವರ್ಷಂಪ್ರತಿ ರಫ್ತಾಗುವ ಈ ಹಾವುಗಳಲ್ಲಿ ಕನಿಷ್ಠ ಶೇ 80ರಷ್ಟು ಹೀಗೆ ಕಾಡಿನಿಂದ ಕದ್ದವು ಎಂಬುದು ಅವರ ಅಂದಾಜು. ದಾರಿಯಲ್ಲೇ ಸತ್ತವು ಬೇರೆ, ಅವುಗಳ ಪ್ರಮಾಣವೂ ಕಡಿಮೆಯೇನಿರಲಿಲ್ಲ.

ಗಮನಿಸಿ, ಇದು ಕಾಗದವಿಲ್ಲದ ಕಳ್ಳಸಾಗಣೆಯ ಕಥೆಯಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದವನೊಬ್ಬನ ಲಗೇಜಿನಲ್ಲಿ ಬೆಂಗಳೂರು ಕಸ್ಟಮ್ಸ್‌ನವರಿಗೆ ಹತ್ತು ಹಳದಿ ಅನಕೊಂಡಗಳು ಸಿಕ್ಕವಲ್ಲ, ಅದು ಕಣ್ಣಿಗೆ ಕಾಣುವ ಕಳ್ಳತನ. ಇಲ್ಲಿ ಕಾಗದ ಸರಿಯಾಗಿಯೇ ಇದೆ. ಸೈಟಿಸ್ ಪರವಾನಗಿಯಲ್ಲಿ ‘ಸಿ’ ಎಂಬ, ಪಂಜರದಲ್ಲಿ ಹುಟ್ಟಿದ್ದೆಂದು ಹೇಳುವ ಒಂದಕ್ಷರ ಬಿದ್ದರೆ ಹಾವಿನ ಹಿಂದಿನ ಜನ್ಮವೇ ಅಳಿಸಿಹೋಯಿತು. ಅಕ್ರಮವಾಗಿ ಪಡೆದದ್ದಲ್ಲ ಎಂದು ಅಧಿಕಾರಿಗೆ ಮನವರಿಕೆಯಾದರೆ ನೋಂದಣಿ ಎನ್ನುತ್ತದೆ ನಮ್ಮ ಕಾಯ್ದೆ. ಮನವರಿಕೆ ಯಾವುದರಿಂದ? ಮತ್ತೆ ಅದೇ ಕಾಗದದಿಂದ.

ಅಧ್ಯಯನ ಹಳೆಯದು ಎನ್ನಬಹುದು. ಹೌದು, ಹಳೆಯದು. ಆಮೇಲೆ ಕೆಲವು ಫಾರ್ಮ್‌ಗಳು ನಿಜಕ್ಕೂ ಸುಧಾರಿಸಿರಲೂಬಹುದು. ಹಾಗಿದ್ದರೆ ಅದನ್ನು ಸಾಬೀತು ಮಾಡುವ ಹೊಣೆ ಮಾರುವವನದು. ಅನುಮಾನದ ಲಾಭ ಹಾವಿಗೆ ಸಿಗಲಿ.

ಇನ್ನು ಆ ಪೆಟ್ಟಿಗೆಯ ಎತ್ತರದ ವಿಚಾರ. ಮರದ ಹಾವೆಂದರೆ ದಿನವಿಡೀ ಏಣಿ ಹತ್ತುವ ಜೀವಿ ಎಂದುಕೊಂಡವರೇ ಹೆಚ್ಚು. ಗ್ರೀನ್ ಟ್ರೀ ಪೈಥಾನ್ ಹಗಲೆಲ್ಲ ಅಡ್ಡ ಕೊಂಬೆಯ ಮೇಲೆ ಮಡಿಕೆ ಮಡಿಕೆಯಾಗಿ ಇಳಿಬಿದ್ದು, ನಡುವೆ ತಲೆಯಿಟ್ಟು ಕೂತಿರುತ್ತದೆ. ರಾತ್ರಿ ಬೇಟೆಗೆ ಮುಖ ಹಾಕುವುದು ನೆಲದ ಕಡೆಗೆ. ಅದಕ್ಕೆ ಬೇಕಿರುವುದು ಬೇರೆಬೇರೆ ಮಟ್ಟದ ಅಡ್ಡಕೊಂಬೆಗಳು, ಬರೀ ಎತ್ತರವಲ್ಲ. ನಮ್ಮ ಪರಿಚಯದವರ ಪೆಟ್ಟಿಗೆಯಲ್ಲಿ ಬಲ್ಬು ಮೇಲೆ, ಇದ್ದ ಒಂದೇ ಕೊಂಬೆ ಅದರ ಕೆಳಗೇ. ಬಿಸಿಗಾಳಿ ಮೇಲೇರುತ್ತದೆ, ತೇವ ಆರುತ್ತದೆ. ಕೂರಲು ಬೇರೆ ಜಾಗವಿಲ್ಲದ ಹಾವು ಅಲ್ಲೇ ಒಣಗುತ್ತದೆ. ಪೊರೆ ತುಂಡು ತುಂಡಾಗಿ ಮೈಗೆ ಅಂಟಿಕೊಂಡ ಮೇಲಷ್ಟೇ ಮಾಲೀಕರಿಗೆ ಗೊತ್ತಾಗುವುದು.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು. ಮರ ಹತ್ತುತ್ತದೆ, ನೆಲದಲ್ಲೂ ಓಡಾಡುತ್ತದೆ, ತಲೆಮಾರುಗಳಿಂದ ಪಂಜರದಲ್ಲೇ ಮರಿಯಾಗುತ್ತಿದೆ. ತಮಾಷೆಯೆಂದರೆ ಅದು ಸೈಟಿಸ್ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಈ ನೋಂದಣಿಯೂ ಇಲ್ಲ. ಆಮದಿನ ಅನುಮತಿ, ಬಿಲ್ಲು ಕೇಳುವ ಕೆಲಸ ಕೊಳ್ಳುವವರದೇ. ಮಲೆನಾಡಿನ ಹಸಿರು ಹಾವನ್ನೇ ಹಿಡಿದು ತಂದರಾಯಿತು ಎನ್ನುವ ಜಾಣರಿಗೆ 1972ರ ವನ್ಯಜೀವಿ ಕಾಯ್ದೆ ಸಾಕು, ನನ್ನ ಉತ್ತರ ಬೇಕಿಲ್ಲ.

ಲಯನ್ಸ್ ಮತ್ತು ನಾಟುಶ್ ರೋಗ ಹೇಳಿ ಸುಮ್ಮನಾದವರಲ್ಲ. ಪಂಜರದಲ್ಲೇ ಹುಟ್ಟಿದ ಮರಿಯಾದರೆ ಜೊತೆಗೆ ಅದರ ಮೊಟ್ಟೆಯ ಸಿಪ್ಪೆಯನ್ನೂ ತೋರಿಸಲಿ ಎಂಬ ಸಲಹೆ ಅವರದು. ಕಾಗದ ಸೃಷ್ಟಿಸುವುದು ಸುಲಭ, ಸಿಪ್ಪೆ ಸೃಷ್ಟಿಸಲು ಮೊಟ್ಟೆಯೇ ಬೇಕು. ಮರಿಯಾದದ್ದನ್ನು ವರದಿ ಮಾಡುವ ನಿಯಮ ಹೇಗೂ ಇದೆ; ಅದಕ್ಕೆ ಈ ಒಂದು ಸಾಲು ಸೇರಿಸಲು ಸಂಸತ್ತೇನೂ ಸೇರಬೇಕಿಲ್ಲ. ಹೆಬ್ಬಾವಿನ ಮೊಟ್ಟೆಯ ಸಿಪ್ಪೆ ಕೋಳಿಮೊಟ್ಟೆಯದರಂತೆ ಪುಡಿಯಾಗುವುದಿಲ್ಲ, ತೊಗಲಿನಂತಿರುತ್ತದೆ. ಒಂದು ಸೂಲಿನ ಸಿಪ್ಪೆಯೆಲ್ಲ ಒಣಗಿಸಿದರೆ ಟಿಫಿನ್ ಡಬ್ಬಿಯಲ್ಲಿ ಹಿಡಿಸುತ್ತದೆ. ಮಲ್ಲೇಶ್ವರದ ಅರಣ್ಯ ಭವನಕ್ಕೆ ಬಸ್ಸಿನಲ್ಲೇ ಒಯ್ಯಬಹುದು.