ಕೂಡುವ ಭಾಷೆ, ಕಳೆಯುವ ಭಾಷೆ

ಜೂನ್ ತಿಂಗಳು ಬಂತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಓಣಿಗಳಲ್ಲಿ ಪುಟ್ಟ ಮಕ್ಕಳನ್ನು ತುಂಬಿಕೊಂಡ ಆಟೋಗಳು ಓಡಾಡತೊಡಗುತ್ತವೆ. ಕೊರಳಿಗೆ ಟೈ, ಬೆನ್ನಿಗೆ ಚೀಲ, ಬಾಯಲ್ಲೊಂದು ಇಂಗ್ಲಿಷ್ ಪದ್ಯ. ಮನೆಗೆ ನೆಂಟರು ಬಂದರೆ ಮಗುವನ್ನು ಮುಂದೆ ನಿಲ್ಲಿಸಿ ಆ ಪದ್ಯವನ್ನು ಹೇಳಿಸಲಾಗುತ್ತದೆ. ಹೆತ್ತವರ ಮುಖ ಅರಳುತ್ತದೆ. ಶಾಲೆಗೆ ಅದಕ್ಕಿಂತ ದೊಡ್ಡ ಪ್ರಶಂಸಾಪತ್ರ ಬೇಕಿಲ್ಲ.

ಈ ಸಂಭ್ರಮವನ್ನು ನಾವು ಗೇಲಿ ಮಾಡಲಾರೆವು. ಬ್ಯಾಡಗಿಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಿ, ರಾಣೇಬೆನ್ನೂರಿನ ಗ್ಯಾರೇಜಿನಲ್ಲಿ ಎಣ್ಣೆ ಮೆತ್ತಿದ ಕೈಯಲ್ಲಿ ದುಡಿಯುವ ತಂದೆ ಹೊಟ್ಟೆ ಬಟ್ಟೆ ಕಟ್ಟಿ ಶುಲ್ಕ ತೆರುತ್ತಾರೆ. ತಮಗೆ ದಕ್ಕದ್ದು ಮಗುವಿಗಾದರೂ ದಕ್ಕಲಿ ಎಂಬ ಆಸೆ ನ್ಯಾಯವಾದುದೇ. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ಅರ್ಧಕ್ಕೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿಯು ಹೇಳಿತ್ತು. ಅಂಥ ಸಮುದಾಯದ ಹೆತ್ತವರು ಮೂರು ವರ್ಷದ ಮಗುವಿನ ಕಲಿಕೆಯ ಬಗ್ಗೆ ಯೋಚಿಸುತ್ತಾರೆಂದರೆ ಅದು ಸಣ್ಣ ಬದಲಾವಣೆಯಲ್ಲ. ನಮ್ಮ ಪ್ರಶ್ನೆ ಇಷ್ಟೇ: ಶಿಶುವಿಹಾರವೊಂದನ್ನು ನಾವು ಮೆಚ್ಚುವುದು ಯಾವ ಅಳತೆಗೋಲಿನಿಂದ?

ನಮ್ಮ ಮನೆಗಳ ಮಗುವಿನ ಸ್ಥಿತಿಯನ್ನೊಮ್ಮೆ ಅವಲೋಕಿಸೋಣ. ಅಮ್ಮಿ, ದಾದಿಯರೊಂದಿಗೆ ಅದರ ಮಾತು ಉರ್ದು. ನಿಜವಾಗಿ ಹೇಳುವುದಾದರೆ ದಖ್ಖನಿ. ಓಣಿಯಲ್ಲಿ, ಅಂಗಡಿಯಲ್ಲಿ ಕನ್ನಡ. ಮದ್ರಸದಲ್ಲಿ ಅರಬಿ ಅಕ್ಷರ. ಶಾಲೆಯಲ್ಲಿ ಇಂಗ್ಲಿಷ್. ಒಂದು ಲಿಪಿ ಬಲದಿಂದ ಎಡಕ್ಕೆ ಸಾಗಿದರೆ ಇನ್ನೆರಡು ಎಡದಿಂದ ಬಲಕ್ಕೆ. ಕನ್ನಡದಲ್ಲಿ ಹೆಚ್ಚುಕಡಿಮೆ ಕೇಳಿದಂತೆಯೇ ಬರೆಯಬಹುದು. ಇಂಗ್ಲಿಷಿನಲ್ಲಿ ಕೇಳುವುದೊಂದು, ಬರೆಯುವುದೊಂದು. ಇಷ್ಟು ಭಾಷೆಗಳು ಮಗುವಿಗೆ ಹೊರೆಯೇ? ಖಂಡಿತ ಅಲ್ಲ. ಆಡುತ್ತ, ಕೇಳುತ್ತ ಎರಡು ಮೂರು ಭಾಷೆಗಳನ್ನು ಕಲಿಯುವ ಶಕ್ತಿ ಎಳೆಯ ಮಕ್ಕಳಿಗಿದೆ. ಹೊಸ ಭಾಷೆಯು ಇದ್ದ ಭಾಷೆಗೆ ಕೂಡುತ್ತದೆಯೋ ಅಥವಾ ಇದ್ದುದನ್ನು ಕಳೆಯುತ್ತದೆಯೋ ಎಂಬುದರಲ್ಲಿಯೇ ಎಲ್ಲವೂ ಅಡಗಿದೆ.

ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬ ಊರಿನ ಉದಾಹರಣೆ ಇಲ್ಲಿ ಪ್ರಸ್ತುತ. ಇಂಗ್ಲಿಷ್ ಮನೆಮಾತಿನ ಹೆತ್ತವರು ಅಲ್ಲಿ ಒಟ್ಟುಗೂಡಿ, ಸುತ್ತಲಿನ ಜನರ ಭಾಷೆಯಾದ ಫ್ರೆಂಚನ್ನು ತಮ್ಮ ಮಕ್ಕಳಿಗೆ ಶಿಶುವಿಹಾರದಿಂದಲೇ ಕಲಿಸಬೇಕೆಂದು ಆಗ್ರಹಿಸಿದರು. 1965ರಲ್ಲಿ ತರಗತಿ ಆರಂಭವಾಯಿತು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಮಕ್ಕಳು ಫ್ರೆಂಚ್ ಕಲಿತರು, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಆದರೆ ಆ ಮಕ್ಕಳ ಮನೆಮಾತಿಗೆ ಮೊದಲೇ ಗೌರವವಿತ್ತು. ಅದನ್ನು ಮರೆಸುವ ಶಕ್ತಿ ಯಾವ ಶಾಲೆಗೂ ಇರಲಿಲ್ಲ. ಅಂಥ ಗೌರವವಿಲ್ಲದ ಮನೆಮಾತಿನ ಮಕ್ಕಳಲ್ಲಿ ಹೊಸ ಭಾಷೆಯು ಹಳೆಯದನ್ನು ನುಂಗಿಬಿಡಬಹುದೆಂದು ಲ್ಯಾಂಬರ್ಟ್ ಎಚ್ಚರಿಸಿದ್ದರು. ಕೂಡಿಸುವ ದ್ವಿಭಾಷಿಕತೆ, ಕಳೆಯುವ ದ್ವಿಭಾಷಿಕತೆ ಎಂಬ ವ್ಯತ್ಯಾಸವನ್ನು ಗುರುತಿಸಿದವರೂ ಅವರೇ.

ಇನ್ನೊಂದು ಉದಾಹರಣೆ ಸಿಂಗಾಪುರದ್ದು. ಇಂಗ್ಲಿಷ್ ಮತ್ತು ಮ್ಯಾಂಡರಿನ್ ಎರಡರಲ್ಲೂ ಕಲಿಸುವ ಶಿಶುವಿಹಾರಗಳಿಗೆ ಅಲ್ಲಿ ಬಹಳ ಬೇಡಿಕೆಯಿದೆ. ಅಲ್ಲಿನ ಶಿಕ್ಷಣ ಸಚಿವಾಲಯವು 2014ರಲ್ಲಿ ತಾನೇ ತೆರೆದ ಶಿಶುವಿಹಾರಗಳಲ್ಲಿ ಇಂಗ್ಲಿಷಿನ ಜೊತೆ ಚೀನಿ, ಮಲಯ, ತಮಿಳುಗಳಿಗೂ ಸ್ಥಾನ ಕೊಟ್ಟಿತು. ಹಾಗಿದ್ದೂ ಆ ದೇಶದ ಜನಗಣತಿಯ ಪ್ರಕಾರ, ಮನೆಯಲ್ಲಿ ಅತಿ ಹೆಚ್ಚಾಗಿ ಇಂಗ್ಲಿಷನ್ನೇ ಆಡುವವರು 2010ರಲ್ಲಿ ಶೇ. 32.3ರಷ್ಟಿದ್ದರೆ 2020ರಲ್ಲಿ ಶೇ. 48.3ಕ್ಕೇರಿದರು. ಸರಕಾರ, ಶಾಲೆ, ಪುಸ್ತಕ ಎಲ್ಲವೂ ಬೆನ್ನಿಗಿದ್ದರೂ, ಮನೆಯಲ್ಲಿ ಆಡದ ಭಾಷೆಯನ್ನು ಶಾಲೆಯೊಂದೇ ಉಳಿಸಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಈಗ ನಮ್ಮ ಊರುಗಳಿಗೆ ಬರೋಣ. ನಮ್ಮ ಮಗುವಿನ ಮನೆಮಾತಿನ ಬೆನ್ನಿಗೆ ಸರಕಾರವೂ ಇಲ್ಲ, ಮಾರುಕಟ್ಟೆಯೂ ಇಲ್ಲ. 'ಮನೆಯಲ್ಲೂ ಇಂಗ್ಲಿಷ್ ಮಾತಾಡಿ' ಎಂದು ಶಾಲೆ ಹೇಳಿದೊಡನೆ, ಇಂಗ್ಲಿಷ್ ಬಾರದ ತಾಯಿ ಮೌನಿಯಾಗುತ್ತಾಳೆ ಅಥವಾ ಹತ್ತಿಪ್ಪತ್ತು ಇಂಗ್ಲಿಷ್ ಪದಗಳಲ್ಲಿ ಮಗುವಿನೊಂದಿಗೆ ವ್ಯವಹರಿಸುತ್ತಾಳೆ. ಕಥೆ ನಿಲ್ಲುತ್ತದೆ. ಯಾಕೆ, ಏನು, ಹೇಗೆ ಎಂಬ ಮಗುವಿನ ಸಾವಿರ ಪ್ರಶ್ನೆಗಳಿಗೆ ಉತ್ತರ ಹೇಳುವ ಭಾಷೆಯೇ ಮನೆಯಿಂದ ಮಾಯವಾಗುತ್ತದೆ. ಇನ್ನು ಕನ್ನಡವೋ, 'ಅದು ಹೊರಗೆ ತಾನಾಗಿಯೇ ಬರುತ್ತದೆ' ಎಂಬ ಉಡಾಫೆಗೆ ಬಲಿಯಾಗುತ್ತದೆ. ಕೊನೆಗೆ ಮಗುವಿಗೆ ಉಳಿಯುವುದು ಅರ್ಥ ತಿಳಿಯದ ನಾಲ್ಕು ಪದ್ಯಗಳು ಮಾತ್ರ. ಮೂರನೆಯ, ನಾಲ್ಕನೆಯ ತರಗತಿಯಲ್ಲಿ ಪಾಠ ಕಠಿಣವಾದಾಗ ಆಧರಿಸಿ ನಿಲ್ಲಲು ಅದಕ್ಕೆ ಯಾವ ಭಾಷೆಯೂ ಗಟ್ಟಿಯಾಗಿರುವುದಿಲ್ಲ.

ಕನ್ನಡದ ಬಗೆಗಿನ ಉಡಾಫೆಯಂತೂ ನಮಗೆ ಸಲ್ಲದು. ಮೆಣಸಿನಕಾಯಿ ಪೇಟೆಯ ಲೆಕ್ಕ, ಕಂದಾಯ ಇಲಾಖೆಯ ಕಾಗದ, ಪೊಲೀಸ್ ಠಾಣೆಯ ದೂರು ಎಲ್ಲವೂ ಇಲ್ಲಿ ಕನ್ನಡದಲ್ಲಿವೆ. ಗಣ್ಯರ ಕೊರಳನ್ನು ಅಲಂಕರಿಸುವ ಹಾವೇರಿಯ ಏಲಕ್ಕಿ ಹಾರದ ಹಿಂದೆ ಮುಸ್ಲಿಮ್ ಕುಟುಂಬದ ಕೈಗಳಿವೆ. ಆ ವ್ಯಾಪಾರದ ಮಾತೂ ಕನ್ನಡವೇ. ಇಷ್ಟಕ್ಕೂ ಕನ್ನಡ ನಮಗೆ ಪರಕೀಯವೇ? ಮುಸ್ಲಿಮ್ ಮನೆಯಲ್ಲಿ ಹುಟ್ಟಿ, ಕೆಲಕಾಲ ಶಾಲಾ ಶಿಕ್ಷಕರೂ ಆಗಿದ್ದು, ಕನ್ನಡದಲ್ಲಿ ತತ್ವಪದಗಳನ್ನು ಹಾಡಿದ ಶಿಶುನಾಳ ಶರೀಫರು (1819-1889) ಇದೇ ಜಿಲ್ಲೆಯವರು. ಹಾಗೆಯೇ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿದರು, ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಒಂದು ಭಾಷೆಯನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಿಲ್ಲ ಎಂಬುದಕ್ಕೆ ಈ ಮಣ್ಣೇ ಸಾಕ್ಷಿ.

ಮಾಧ್ಯಮವನ್ನು ಆಯ್ದುಕೊಳ್ಳುವ ಹಕ್ಕು ಹೆತ್ತವರದೇ ಎಂದು ಸುಪ್ರೀಮ್ ಕೋರ್ಟ್ 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪಿತ್ತಿದೆ. ಹಕ್ಕು ಸಿಕ್ಕಾಗ ಹೊಣೆಯೂ ಹೆಗಲೇರುತ್ತದೆ. ಇನ್ನು, 2009ರ ಶಿಕ್ಷಣ ಹಕ್ಕು ಕಾಯ್ದೆಯ ಖಾತರಿ ಆರಂಭವಾಗುವುದು ಆರನೆಯ ವರ್ಷದಿಂದ. ಅದಕ್ಕಿಂತ ಎಳೆಯ ಮಕ್ಕಳಿಗೆ ಶಿಕ್ಷಣದ ವ್ಯವಸ್ಥೆ ಮಾಡುವುದನ್ನು ಅದು ಸರಕಾರದ ಇಚ್ಛೆಗೆ ಬಿಟ್ಟಿದೆ. ಆದ್ದರಿಂದಲೇ ಹಣವಿದ್ದವರ ಮಗು ಕಾನ್ವೆಂಟಿಗೆ, ಇಲ್ಲದವರ ಮಗು ಅಂಗನವಾಡಿಗೆ ಎಂಬಂತಾಗಿದೆ. 1975ರಿಂದ ದೇಶದಲ್ಲಿ ನಡೆದು ಬಂದ ಅಂಗನವಾಡಿಯನ್ನು ನಾವು ಮೊಟ್ಟೆ, ಹಿಟ್ಟು ಕೊಡುವ ಜಾಗವೆಂದಷ್ಟೇ ತಿಳಿದಿದ್ದೇವೆ. ಶಾಲಾಪೂರ್ವ ಶಿಕ್ಷಣವೂ ಅದರ ಕರ್ತವ್ಯಗಳಲ್ಲೊಂದು. ನಮ್ಮ ಓಣಿಯ ಅಂಗನವಾಡಿಯಲ್ಲಿ ಕನ್ನಡದ ಹಾಡು, ಆಟಗಳು ನಡೆಯುತ್ತಿವೆಯೇ, ಉರ್ದು ಮಾತ್ರ ಬಲ್ಲ ಮಗುವಿನೊಂದಿಗೆ ಅಲ್ಲಿ ಯಾರಾದರೂ ಅದರ ಭಾಷೆಯಲ್ಲಿ ಮಾತಾಡುತ್ತಾರೆಯೇ ಎಂದು ವಿಚಾರಿಸಿದ ಜಮಾಅತ್ ಕಮಿಟಿಗಳು ಎಷ್ಟಿವೆ?

ಹಾಗಂತ ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಇಂಗ್ಲಿಷ್ ಬೇಕು, ಒಳ್ಳೆಯ ಇಂಗ್ಲಿಷೇ ಬೇಕು. ಆದರೆ ಶಿಶುವಿಹಾರವನ್ನು ಹೊಗಳುವ ಮುನ್ನ ಕೆಲವು ವಿಷಯಗಳನ್ನು ಕೇಳಿ ತಿಳಿಯೋಣ. ಹೇಳುವ ಪದ್ಯದ ಅರ್ಥವನ್ನು ಮಗು ತನ್ನ ಮಾತಿನಲ್ಲಿ ವಿವರಿಸಬಲ್ಲುದೇ? ಮನೆಮಾತು ಆಡಿದ್ದಕ್ಕೆ ಶಾಲೆಯಲ್ಲಿ ಗದರಿಕೆಯಿದೆಯೇ? ಕನ್ನಡಕ್ಕೆ ದಿನವೂ ಹಾಡು, ಕಥೆ, ಮಾತುಕತೆಯ ಹೊತ್ತು ಇದೆಯೇ? ಆಡುವ, ಕೇಳುವ ವಯಸ್ಸಿನಲ್ಲೇ ಪುಟಗಟ್ಟಲೆ ಬರೆಸುತ್ತಾರೆಯೇ? ಉತ್ತರ ತೃಪ್ತಿಕರವಾಗಿದ್ದರೆ ಆ ಶಾಲೆಯನ್ನು ಮನಸಾರೆ ಮೆಚ್ಚೋಣ, ನೆರೆಯವರಿಗೂ ಹೇಳೋಣ. ಇಲ್ಲದಿದ್ದರೆ ಹೆತ್ತವರು ಒಟ್ಟಾಗಿ ಹೋಗಿ ಕೇಳಲಿ. ಸೇಂಟ್ ಲ್ಯಾಂಬರ್ಟ್‌ನವರು ಮಾಡಿದ್ದೂ ಅದನ್ನೇ. ಇಂಗ್ಲಿಷ್ ಬಾರದೆಂದು ಕೀಳರಿಮೆಪಡುವ ತಾಯಂದಿರಿಗೆ ನಾವು ಹೇಳಬಯಸುವುದಿಷ್ಟೇ: ನಿಮ್ಮ ದಖ್ಖನಿಯಲ್ಲಿ ಮಗುವಿನೊಂದಿಗೆ ಧಾರಾಳವಾಗಿ ಮಾತಾಡಿರಿ, ರಾತ್ರಿ ಕಥೆ ಹೇಳಿರಿ, ಪ್ರಶ್ನೆ ಕೇಳಲು ಬಿಡಿರಿ. ಶಾಲೆ ಕಲಿಸುವ ಇಂಗ್ಲಿಷ್ ಬೇರೂರುವುದು ಆ ಮಾತಿನ ಮೇಲೆಯೇ.