ಅಕ್ಕಿಯ ಗಿರಣಿಗಳಲ್ಲಿ ಧೂಳು ಹೀರುವ ಯಂತ್ರಗಳ ಆವಶ್ಯಕತೆ

ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಸೋಮನಾಥಪುರವು ಹೊಯ್ಸಳರ ಕಾಲದ ಕೇಶವ ದೇವಾಲಯದಿಂದ ಲೋಕಪ್ರಸಿದ್ಧವಾಗಿದೆ. ಆದರೆ ಆ ಊರಿನವರಿಗೂ ಸುತ್ತಣ ಬನ್ನೂರು ಸೀಮೆಯವರಿಗೂ ಜೀವನಾಧಾರವಾಗಿರತಕ್ಕದ್ದು ಕಾವೇರಿಯ ನೀರುಂಡು ಬೆಳೆಯುವ ಬತ್ತದ ಬೆಳೆಯೇ ಸರಿ. ಬತ್ತವನ್ನು ಗಿರಣಿಗೆ ಕಳುಹಿಸುವಾಗ ಭೂಮಾಲೀಕರು ಕೂಲಿಯ ದರವನ್ನೂ ನುಚ್ಚಿನ ಪ್ರಮಾಣವನ್ನೂ ತೌಡಿನ ಲೆಕ್ಕವನ್ನೂ ವಿಚಾರಿಸುವರು. ಗಿರಣಿಯೊಳಗಣ ಧೂಳಿನ ಮಾತನ್ನು ಎತ್ತುವವರು ಮಾತ್ರ ವಿರಳ.

“ಗಾಳಿ ಬಂದಾಗ ತೂರಿಕೋ” ಎಂಬ ಗಾದೆಯು ಕಣಕ್ಕೆ ಒಪ್ಪತಕ್ಕದ್ದು. ಬಯಲಿನಲ್ಲಿ ತೂರಿದರೆ ಜೊಳ್ಳೂ ಧೂಳೂ ಗಾಳಿಯ ಪಾಲಾಗಿ ಕಾಳು ಉಳಿಯುತ್ತದೆ. ನಾಲ್ಕು ಗೋಡೆಗಳ ನಡುವಣ ಗಿರಣಿಗೆ ಈ ನ್ಯಾಯವು ಸಲ್ಲದು. ಅಲ್ಲಿ ಪೊರಕೆಯಿಂದ ಗುಡಿಸಿದರೂ ಕಂಪ್ರೆಸರಿನ ಕೊಳವೆಯಿಂದ ಊದಿದರೂ ಧೂಳು ತೊಲಗುವುದಿಲ್ಲ. ಸ್ವಲ್ಪ ಭಾಗವು ಮೇಲೆದ್ದು ತೊಲೆಗಳ ಮೇಲೂ ಮೋಟಾರುಗಳ ಮೇಲೂ ಕುಳಿತುಕೊಳ್ಳುತ್ತದೆ. ಮಿಕ್ಕದ್ದು ಕೂಲಿಯವರ ಎದೆಯನ್ನು ಸೇರುತ್ತದೆ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರನು ಧೂಳನ್ನು ಊದುವ ಯಂತ್ರವೊಂದನ್ನು ನೋಡಿ, ಊದುವುದಕ್ಕಿಂತ ಹೀರುವುದೇ ಯುಕ್ತವೆಂದು ಕಂಡುಕೊಂಡು, ಹೀರುವ ಯಂತ್ರವನ್ನು ನಿರ್ಮಿಸಿದನು. ಅವನು ಅರಿತ ಈ ಸಂಗತಿಯನ್ನು ನಮ್ಮ ಸೀಮೆಯ ಗಿರಣಿಗಳವರೂ ಅರಿಯುವುದು ಅಗತ್ಯ.

ಧೂಳಿನಿಂದಾಗುವ ಹಾನಿಯು ಮೂರು ಬಗೆಯದು. ಮೊದಲನೆಯದು, ಕೆಲಸಗಾರರಿಗೆ ಬರುವ ಕೆಮ್ಮು, ದಮ್ಮು. ಎರಡನೆಯದು, ಹುಳುವಿನ ಉಪದ್ರವ. ಮೂತಿಹುಳುವು ಕಾಳಿನೊಳಗೇ ಮೊಟ್ಟೆಯಿಡುತ್ತದೆ. ಸಂದುಗೊಂದುಗಳಲ್ಲಿ ಉಳಿದ ಕಾಳು, ನುಚ್ಚು, ತೌಡುಗಳಲ್ಲಿ ಹುಳುಗಳು ವೃದ್ಧಿಯಾಗಿ ಹೊಸ ಸುಗ್ಗಿಯ ಮೂಟೆಗಳಿಗೆ ಹತ್ತುತ್ತವೆ. ಮೂರನೆಯದು, ಬೆಂಕಿ. ಒಣಗಿದ ನುಣುಪಾದ ಧೂಳು ಮುಚ್ಚಿದ ಸ್ಥಳದಲ್ಲಿ ಗಾಳಿಯೊಡನೆ ಬೆರೆತಿರುವಾಗ ಕಿಡಿ ತಗುಲಿದರೆ ಮದ್ದಿನಂತೆ ಸಿಡಿಯಬಲ್ಲುದು. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್ ಪಟ್ಟಣದ ಹಿಟ್ಟಿನ ಗಿರಣಿಯೊಂದು ಹೀಗೆ ಸಿಡಿದು 18 ಮಂದಿ ಮೃತರಾದರು. 2008ರಲ್ಲಿ ಅದೇ ದೇಶದ ಜಾರ್ಜಿಯ ಪ್ರಾಂತದ ಸಕ್ಕರೆಯ ಕಾರ್ಖಾನೆಯಲ್ಲಿ 14 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಮೊದಲ ಸಿಡಿತವು ತೊಲೆ ನೆಲಗಳ ಮೇಲೆ ಕೂಡಿದ್ದ ಧೂಳನ್ನು ಎಬ್ಬಿಸಿತು. ಆ ಧೂಳೇ ಮತ್ತೆ ಮತ್ತೆ ಸಿಡಿಯಿತು. ಕಣ್ಣಿಗೆ ಬೀಳದ ಎತ್ತರದ ಧೂಳನ್ನು ಅಲಕ್ಷ್ಯ ಮಾಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಹೀರುವ ಯಂತ್ರಗಳೆಲ್ಲವೂ ಒಂದೇ ಬಗೆಯವಲ್ಲ. ಮನೆಯಲ್ಲಿ ಉಪಯೋಗಿಸುವ ಚಿಕ್ಕ ಯಂತ್ರವನ್ನು ಗಿರಣಿಗೆ ತರುವುದು ತಪ್ಪು. ತೌಡಿನಿಂದ ಅದರ ಚೀಲವು ಬೇಗನೆ ಕಟ್ಟಿಕೊಳ್ಳುತ್ತದೆ, ಅದರ ಮೋಟಾರಿನಲ್ಲಿ ಕಿಡಿಯೇಳುವ ಭಯವೂ ಉಂಟು. ಗೋದಾಮಿನ ಕಾಳು, ನುಚ್ಚುಗಳನ್ನು ಎತ್ತುವುದಕ್ಕೆ ಸೈಕ್ಲೋನ್ ಕೂಡಿಸಿದ ಒಣಯಂತ್ರವು ಅನುಕೂಲವಾದುದು. ಅದರಲ್ಲಿ ಗಾಳಿಯು ಸುಳಿಯಾಗಿ ತಿರುಗಿ, ಭಾರವಾದ ಕಾಳು ಪೀಪಾಯಿಯ ತಳಕ್ಕೆ ಬಿದ್ದು, ನುಣುಪಾದ ಧೂಳು ಮಾತ್ರ ಶೋಧಕಕ್ಕೆ ಹೋಗುತ್ತದೆ. ಬತ್ತವನ್ನು ನೆನೆಸುವ ತೊಟ್ಟಿಗಳ ಬಳಿಯ ನೀರಿಗೂ ಕೆಸರಿಗೂ ಒದ್ದೆ ಒಣ ಎರಡನ್ನೂ ಹೀರುವ ಯಂತ್ರವೇ ಬೇಕು. ನೀರನ್ನು ಹೀರುವ ಮುಂಚೆ ಕಾಗದದ ಶೋಧಕವನ್ನು ತೆಗೆದಿಡತಕ್ಕದ್ದು. ತೌಡಿನ ಧೂಳು ತುಂಬಿದ ಕಡೆಗೆ ಸಿಡಿತದಿಂದ ರಕ್ಷಣೆಯುಳ್ಳ ಯಂತ್ರವನ್ನೇ ಕೊಳ್ಳಬೇಕು. ಇದರಲ್ಲಿ ಧೂಳು ಮೋಟಾರನ್ನು ಸೋಕುವುದಿಲ್ಲ. ಕೊಳವೆಯು ವಿದ್ಯುತ್ತನ್ನು ಹರಿಯಗೊಡುವಂಥದಾಗಿ ಭೂಮಿಗೆ ಜೋಡಿಸಲ್ಪಟ್ಟಿರುತ್ತದೆ. ಹಗಲಿರುಳು ನಡೆಯುವ ದೊಡ್ಡ ಗಿರಣಿಗಳಿಗೆ, ಗೋಡೆಯುದ್ದಕ್ಕೂ ಕೊಳವೆಗಳನ್ನು ಹಾಯಿಸಿ ಹೊರಗೆ ಒಂದೇ ಯಂತ್ರವನ್ನು ನಿಲ್ಲಿಸುವ ಏರ್ಪಾಡು ಉತ್ತಮ. ಬಹಳ ಹೊತ್ತು ಓಡಬೇಕಾದ ಯಂತ್ರವು ಮೂರು ಫೇಸಿನದಾಗಿರಲಿ. ಬಾಯ್ಲರಿನ ಬೂದಿಯಲ್ಲಿ ಕೆಂಡವಿರುವವರೆಗೆ ಯಾವ ಯಂತ್ರವನ್ನೂ ಅದರ ಹತ್ತಿರಕ್ಕೆ ಒಯ್ಯಬಾರದು.

ಇಷ್ಟು ವೆಚ್ಚವನ್ನು ಸಣ್ಣ ಗಿರಣಿಯವನು ಹೊರಲಾರನೆಂದು ಆಕ್ಷೇಪಿಸುವರು. ಆ ಮಾತಿನಲ್ಲಿ ಸತ್ಯವುಂಟು. ಆದಕಾರಣ ಪ್ರತಿಯೊಬ್ಬನೂ ಅಗ್ಗದ ಯಂತ್ರವೊಂದನ್ನು ಕೊಂಡು ಕೆಡಿಸಿಕೊಳ್ಳುವುದಕ್ಕಿಂತ, ಸಹಕಾರ ಸಂಘದ ಮೂಲಕ ನಾಲ್ಕಾರು ಗಿರಣಿಗಳಿಗೆ ಒಂದು ತಕ್ಕ ಯಂತ್ರವನ್ನು ತರಿಸುವುದು ಲೇಸು. ಆದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಾಗ ಚೀಲವನ್ನೂ ಪೀಪಾಯಿಯನ್ನೂ ಬರಿದುಮಾಡಿ ಕೊಳವೆಯನ್ನು ಶುಚಿಗೊಳಿಸದಿದ್ದರೆ, ಒಂದು ಗಿರಣಿಯ ಹುಳುವನ್ನು ಮತ್ತೊಂದಕ್ಕೆ ಹೊತ್ತು ಹಂಚಿದಂತಾಗುವುದು. ಯಂತ್ರ ಬರುವುದಕ್ಕೆ ಮೊದಲು ಎಲಿವೇಟರು, ಜರಡಿಗಳ ಬಿರುಕುಗಳನ್ನು ಮುಚ್ಚಿಸುವುದು ಆವಶ್ಯಕ. ಧೂಳು ಸುರಿಯುವ ಬಾಯನ್ನು ತೆರೆದಿಟ್ಟು ಹೀರುತ್ತಾ ಕೂರುವುದು ಒಡಕು ಕೊಡಕ್ಕೆ ನೀರು ತುಂಬಿದಂತೆ.

1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಪ್ರಕರಣವು, ಧೂಳನ್ನು ಸೆಳೆಯುವ ಸಾಧನವನ್ನು ಧೂಳು ಹುಟ್ಟುವ ಸ್ಥಳಕ್ಕೆ ಆದಷ್ಟು ಸಮೀಪದಲ್ಲಿ ಇರಿಸಬೇಕೆಂದು ವಿಧಿಸಿತ್ತು. ಈ ವಿಷಯವು ಹೊಸದಲ್ಲ, ಆಚರಣೆಯೇ ಹಿಂದುಳಿದಿದೆ. ಅದನ್ನು ಮುಂದಕ್ಕೆ ತರುವುದು ಬತ್ತ ತರುವವರ ಕೈಯಲ್ಲಿಯೂ ಇದೆ. ಗಿರಣಿಯನ್ನು ಆರಿಸುವಾಗ ಭೂಮಾಲೀಕರು ದರವನ್ನು ಕೇಳುವಂತೆಯೇ ತಲೆಯೆತ್ತಿ ತೊಲೆಗಳನ್ನೂ ನೋಡಲಿ. ಧೂಳು ದಪ್ಪನಾಗಿ ಕುಳಿತಿದ್ದರೆ ಅದನ್ನು ತೆಗೆಸುವ ಬಗೆಯನ್ನು ಯಜಮಾನನಲ್ಲಿ ವಿಚಾರಿಸಲಿ. ಗ್ರಾಮದ ಮುಖಂಡರು ಸಂಘದ ಸಭೆಯಲ್ಲಿ ಈ ಪ್ರಸ್ತಾಪವನ್ನು ತರಲಿ. ಆ ಗಿರಣಿಗಳಲ್ಲಿ ಕೂಲಿ ಮಾಡುವವರು ಅವರವರ ಊರಿನವರೇ ಆಗಿರುವರು. ಅವರ ಉಸಿರನ್ನು ಉಳಿಸುವ ವೆಚ್ಚವನ್ನು ನಷ್ಟದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.